ಮೂರೇ ಮೂರು ಅವರೆಕಾಳು

ಅವರೆಕಾಯಿ ಕಾಲ ಬಂತೆಂದರೆ ಆಗೆಲ್ಲ ನಮ್ಮೂರು ಸಾಸಲಿನ ಬೀದಿ ತುಂಬ ಒಂದೇ ವಾಸನೆ. ಆ ಸೊಗಡು ಕೈಗೆ ಹತ್ತಿದರೆ ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಸ್ಕೂಲಿನಲ್ಲಿ ಒಬ್ಬರ ಕೈ ಒಬ್ಬರು ಮೂಸಿ, ಯಾರ ಮನೆಯಲ್ಲಿ ಏನು ಸಾರು ಎಂದು ಹೇಳಿಬಿಡುತ್ತಿದ್ದೆವು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಮಾತ್ರ ನನ್ನ ಕೈಯಲ್ಲಿ ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ ಇತ್ತು.

ಡೆಂಗಿ ಜ್ವರ ವಿಷಮಿಸಿ ಬೆಂಗಳೂರಿನ ಐಸಿಯುನಲ್ಲಿ ಹದಿನೆಂಟು ದಿನ ಮಲಗಿ ಬಂದಿದ್ದೆ. ಬಾಯಲ್ಲಿ ಪೈಪು, ಉಸಿರಿಗೆ ಮೆಷಿನ್ನು. ಹುಡುಗಿ ಬದುಕಿ ಬಂದಳಲ್ಲ ಎಂದು ಊರಿನವರೆಲ್ಲ ಎಳನೀರು ಹಿಡಿದುಕೊಂಡು ನೋಡಲು ಬಂದರು. ಬದುಕಿದ್ದೇನೋ ನಿಜ, ಲೋಟ ಎತ್ತಲು ಕೈಯಲ್ಲಿ ಶಕ್ತಿ ಇರಲಿಲ್ಲ. ಅಮ್ಮನೇ ತಲೆ ಬಾಚುವಳು, ಲಂಗದ ಹುಕ್ಕು ಹಾಕುವಳು, ಅನ್ನ ಕಲಸಿ ಬಾಯಿಗಿಡುವಳು, ಬಚ್ಚಲಿಗೂ ಎತ್ತಿಕೊಂಡೇ ಹೋಗುವಳು. ಹತ್ತು ವರ್ಷದ ಹುಡುಗಿಗೆ ಅದೆಂಥ ನಾಚಿಕೆ! ಬೆಳಿಗ್ಗೆ ಗೆಳತಿಯರು ಬ್ಯಾಗು ನೇತುಹಾಕಿಕೊಂಡು ಮನೆ ಮುಂದೆ ಹೋಗುವಾಗ ನಾನು ಕಂಬಳಿಯನ್ನು ಮುಖದ ಮೇಲೆಳೆದುಕೊಳ್ಳುತ್ತಿದ್ದೆ. ಹುಕ್ಕು ನೀನೇ ಹಾಕಿಕೊಂಡು, ಬಿಸಿಯೂಟದ ತಟ್ಟೆ ನೀನೇ ಹಿಡಿದುಕೊಳ್ಳುವ ದಿನ ಸ್ಕೂಲಿಗೆ ಕಳಿಸುತ್ತೇನೆ ಎಂದು ಅಮ್ಮ ಹೇಳಿದ್ದಳು. ನನಗೆ ಬೇಕಾಗಿದ್ದು ಅದೊಂದೇ.

ಬೆರಳಿಗೆ ಬಲ ಬರಲಿ ಎಂದು ಆಸ್ಪತ್ರೆಯವರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಎರಡೇ ದಿನಕ್ಕೆ ಬೇಸರ ಬಂದು ಅದನ್ನು ಬೀದಿಗೆ ಎಸೆಯಲು ನೋಡಿದೆ. ಅದೂ ಮಂಚದ ಪಕ್ಕದಲ್ಲೇ ಬಿತ್ತು. ಅಪ್ಪನ ತಾಯಿ, ನಮ್ಮ ಅಜ್ಜಿ, ಇದನ್ನು ನೋಡಿ ಒಳಗೆ ಹೋದಳು. ನೆನೆಹಾಕಿದ್ದ ಅವರೆಕಾಳಿನ ಬೋಗುಣಿ, ಒಂದು ಖಾಲಿ ಬಟ್ಟಲು ತಂದು ನನ್ನ ಮುಂದಿಟ್ಟು, ಹಿದುಕು ಎಂದಳು.

ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಜಾರಿ ಬೀಳಬೇಕು. ನಮ್ಮ ಕಡೆ ನಾಲ್ಕು ವರ್ಷದ ಮಗುವಿಗೂ ಬರುವ ಕೆಲಸ. ನನಗೆ ಬರಲಿಲ್ಲ. ಮಧ್ಯಾಹ್ನದವರೆಗೆ ಒದ್ದಾಡಿ ಮೂರೇ ಮೂರು ಕಾಳು ಹಿದುಕಿದೆ. ಅಜ್ಜಿ ಅವನ್ನೂ ಸಾರಿಗೆ ಹಾಕಿದಳು.

"ನೋಡ್ಕೊಂಡ್ ಉಣ್ಣಪ್ಪಾ," ಎಂದಳು ಊಟಕ್ಕೆ ಕೂತ ಅಪ್ಪನಿಗೆ. "ಅದ್ರಲ್ಲಿ ನಿನ್ ಮಗಳು ಹಿದುಕಿದ್ ಕಾಳು ಮೂರವೆ."

ಅಪ್ಪ ನಿಜವಾಗಿಯೂ ಸಾರಿನಲ್ಲಿ ಹುಡುಕಿದರು.

ದಿನಾ ಅದೇ ಕೆಲಸ. ಮೂರು ಹನ್ನೆರಡಾಯಿತು, ಹನ್ನೆರಡು ಒಂದು ಹಿಡಿಯಾಯಿತು. ಒಂದು ದಿನ ನಾನು ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಬಟ್ಟಲು ಅರ್ಧ ತುಂಬಿತ್ತು. ಮಗಳಿಗೆ ಖುಷಿಯಾಗಲಿ ಎಂದು ಅಮ್ಮ ತಾನೇ ಹಿದುಕಿ ಸುರಿದಿದ್ದಳು. ಎಲ್ಲಿತ್ತೋ ನನಗೆ ಸಿಟ್ಟು, ಬಟ್ಟಲನ್ನೆತ್ತಿ ಅಂಗಳಕ್ಕೆ ಎಸೆದೆ. ಕೋಳಿಗಳು ಓಡಿಬಂದವು. ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಬಟ್ಟಲು ತೆಗೆದುಕೊಂಡು ಆಯಲು ಬಗ್ಗಿದಳು.

"ಬಟ್ಲು ಮಡುಗಿ ಅತ್ಲಾಗ್ ಹೋಗಮ್ಮ," ಎಂದು ಅಜ್ಜಿ ಅಮ್ಮನನ್ನು ತಡೆದಳು. ಆಮೇಲೆ ನನ್ನ ಕಡೆ ತಿರುಗಿದಳು. "ಚೆಲ್ಲಕ್ಕೆ ಕೈ ಬಂತಲ್ಲ, ಆಯಕ್ಕೂ ಬತ್ತದೆ. ಆಯ್ಕೊ."

ನೆಲದ ಮೇಲೆ ಕೂತು ಜರುಗುತ್ತಾ, ಬಾಯಲ್ಲಿ ಕೋಳಿಗಳನ್ನೂ ಮನಸ್ಸಿನಲ್ಲಿ ಅಜ್ಜಿಯನ್ನೂ ಬೈಯುತ್ತಾ ಒಂದೊಂದೇ ಆಯ್ದೆ. ಅಜ್ಜಿ ಕಂಬಕ್ಕೊರಗಿ ಎಲೆ ಅಡಿಕೆ ಮೆಲ್ಲುತ್ತಾ ಬೀದಿ ನೋಡುತ್ತಿದ್ದಳು. ನನ್ನ ಕಡೆ ತಿರುಗಲೇ ಇಲ್ಲ. ಎಂಥ ಕಲ್ಲು ಮನಸ್ಸಿನ ಮುದುಕಿ ಎಂದುಕೊಂಡೆ.

ಸಂಕ್ರಾಂತಿ ಕಳೆದ ವಾರ ಮನೆಮಂದಿಗೆಲ್ಲ ಸಾಲುವಷ್ಟು ಬೇಳೆಯನ್ನು ನಾನೊಬ್ಬಳೇ ಹಿದುಕಿದೆ. ಆ ಸಾರಿನಲ್ಲಿ ಮುದ್ದೆ ಮುರಿದು ನನ್ನ ಕೈಯಿಂದಲೇ ನುಂಗಿದೆ. ಮರುದಿನ ಹುಕ್ಕು ನಾನೇ ಹಾಕಿಕೊಂಡೆ. ಒಂದು ತಪ್ಪಿತ್ತು. ಸರಿಮಾಡಲು ಅಮ್ಮ ಕೈ ಮುಂದೆ ತಂದವಳು ಅಜ್ಜಿಯ ಮುಖ ನೋಡಿ ಹಿಂದಕ್ಕೆಳೆದುಕೊಂಡಳು. ಸ್ಕೂಲಿನಲ್ಲಿ ಪಕ್ಕದ ಹುಡುಗಿ ನನ್ನ ಕೈ ಮೂಸಿ, ಹಿದುಕಿದ ಬೇಳೆ ಸಾರು ಕಣ್ರೇ ಎಂದು ಎಲ್ಲರಿಗೂ ಸಾರಿದಳು. ಅಂಥ ಸಂತೋಷ ಆಮೇಲೆ ಯಾವ ಪರೀಕ್ಷೆ ಪಾಸಾದಾಗಲೂ ಆಗಲಿಲ್ಲ.

ಈಗ ದೊಡ್ಡಬಳ್ಳಾಪುರದಲ್ಲಿ ಹಿದುಕಿದ ಬೇಳೆಯೇ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಕೆಲಸಕ್ಕೆ ಹೋಗುವ ನಾನೂ ಅದನ್ನೇ ತರುತ್ತೇನೆ. ಯಾರ ಕೈಗೂ ಸೊಗಡು ಹತ್ತುವುದಿಲ್ಲ. ಅಜ್ಜಿಯೂ ಇಲ್ಲ. ಅವಳ ಕೊನೆಯ ಅವರೆ ಕಾಲದಲ್ಲಿ ಕೈ ನಡುಗುತ್ತಿತ್ತು, ಬಾಯಿಗೆ ಹೋಗುವುದಕ್ಕಿಂತ ಸೀರೆಗೆ ಚೆಲ್ಲುವುದೇ ಹೆಚ್ಚು. ಒಂದು ಮಧ್ಯಾಹ್ನ ಊರಿನ ಮನೆಯಲ್ಲಿ ನಾನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅವಳ ಬಾಯಿಗಿಡಲು ಹೋದೆ. ಅವಳು ಮುಖ ತಿರುಗಿಸಿದಳು.

"ತಟ್ಟೆ ಮಡುಗಿ ಅತ್ಲಾಗ್ ಹೋಗು ಮಗ," ಎಂದಳು.

ಇಟ್ಟೆ. ಅದೇ ಕಂಬಕ್ಕೊರಗಿ ಬೀದಿ ಕಡೆ ಮುಖ ಮಾಡಿ ಕೂತೆ. ಹಿಂದೆ ತಟ್ಟೆ ಸದ್ದು ಮಾಡಿದಾಗಲೆಲ್ಲ ಏಳಲು ಹೋಗಿ ಮತ್ತೆ ಕೂರುತ್ತಿದ್ದೆ. ತಿರುಗಿ ನೋಡದೆ ಕೂರುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ತುಂಬ ಹೊತ್ತಾದ ಮೇಲೆ ಅವಳೇ ಕರೆದಳು.

"ಇನ್ನೊಂಚೂರು ಸಾರು ಬಿಡು."