ಕಂದು ಬಣ್ಣದ ಅಡಿಯಲ್ಲಿ ಚಿಕ್ಕಬೈರಪ್ಪ

ಕಸದ ಗಾಡಿಗೆ ಹಾಕಲು ಧೈರ್ಯ ಸಾಲದ್ದನ್ನು ನಮ್ಮ ಜನ ಅಶ್ವತ್ಥಕಟ್ಟೆಗೆ ಒರಗಿಸಿ ಬರುತ್ತಾರೆ. ಕೈ ಮುರಿದ ಗಣಪತಿ, ಬಣ್ಣ ಹೋದ ಲಕ್ಷ್ಮಿ, ಗೆದ್ದಲು ಹಿಡಿದ ವೆಂಕಟರಮಣ. ಇಟ್ಟು, ಕೈಮುಗಿದು, ತಿರುಗಿ ನೋಡದೆ ಹೋಗುತ್ತಾರೆ. ಎಸೆದದ್ದೂ ಆಯಿತು, ಪಾಪವೂ ತಟ್ಟಲಿಲ್ಲ.

ಹೊಸಕೆರೆಹಳ್ಳಿಯ ಅಂಥದೊಂದು ಕಟ್ಟೆಗೆ ಚೂಡಾಮಣಿ ದಿನಾ ಬೆಳಿಗ್ಗೆ ಹೋಗುತ್ತಿದ್ದರು. ಜಯನಗರದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಡಂ ಆಗಿದ್ದವರು. "ಮೊದಲು ನೋಡಿ, ಆಮೇಲೆ ಬರೀರಿ" ಎಂದು ಮಕ್ಕಳ ಕೈಯಲ್ಲಿ ಮಾವು, ಗಿಳಿ, ಬಾವುಟ ಬರೆಸಿ ಸಾಕಾಗಿ, ನಿವೃತ್ತಿಯ ಮೇಲೆ ಯಾವುದರಂತೆಯೂ ಕಾಣದ ಚಿತ್ರ ಮಾಡುತ್ತೇನೆಂದು ಹಟ ಹಿಡಿದವರು. ಹಲಗೆಯ ಮೇಲೆ ಸೀರೆಯ ಚೂರು, ಸುಣ್ಣ, ಕೆಮ್ಮಣ್ಣು, ಹಳೇ ಕಾಗದ ಎಲ್ಲವನ್ನೂ ಫೆವಿಕಾಲ್‌ನಲ್ಲಿ ಅಂಟಿಸುವುದು, ಬಣ್ಣ ಬಳಿಯುವುದು, ಕೆರೆಯುವುದು, ಮತ್ತೆ ಬಳಿಯುವುದು. ಮಿಕ್ಸೆಡ್ ಮೀಡಿಯಾ ಅನ್ನುತ್ತಾರೆ. ಅದಕ್ಕೆ ಬೇಕಾದ ಹಲಗೆ, ಬಟ್ಟೆ, ಕಾಗದವೆಲ್ಲ ದೇವರುಗಳ ಜೊತೆ ಕಟ್ಟೆಯಲ್ಲಿ ಪುಕ್ಕಟೆ.

ದೇವರ ಪಟವನ್ನು ಮಾತ್ರ ಆಕೆ ಮುಟ್ಟುತ್ತಿರಲಿಲ್ಲ. ಭಕ್ತಿಯಿಂದಲ್ಲ. "ಯಾರಾದ್ರೂ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಿದ್ರೆ ಮನೆ ಮುಂದೆ ನೂರು ಜನ ನಿಲ್ತಾರೆ" ಎಂದು ಆಕೆಯೇ ಹೇಳಿದ್ದು. ಹಾಗಾಗಿ ಒಂದು ಬೆಳಿಗ್ಗೆ ದೇವರುಗಳ ನಡುವೆ ಮನುಷ್ಯನೊಬ್ಬನ ಫೋಟೊ ಸಿಕ್ಕಾಗ ನಿರಾಳವಾಯಿತು. ಗಾಜಿನ ಮೇಲೆ ಒಣಗಿದ ಕುಂಕುಮವಿತ್ತು, ಯಾರೋ ದಿನವೂ ಇಟ್ಟದ್ದು. ಕಂಡೂ ಗಾಜು ಬಿಚ್ಚಿ, ಫೋಟೊ ತಂದು ಅಂಟಿಸಿದರು. ಮನುಷ್ಯನನ್ನು ಕೇಳಿಕೊಂಡು ಯಾರು ಬರುತ್ತಾರೆ?

ಆ ಚಿತ್ರ ಪ್ರದರ್ಶನವೊಂದಕ್ಕೆ ಆಯ್ಕೆಯಾಯಿತು. ಆಕೆಯ ಬದುಕಿನಲ್ಲಿ ಅದೇ ಮೊದಲು. ಒಂದೂ ಮುಖ ಕಾಣದಿರುವುದೇ ಅದರ ಶಕ್ತಿ ಎಂದು ಆಯ್ಕೆ ಮಾಡಿದವರು ಹೊಗಳಿದರು. ಸೋಮವಾರ ಕಳಿಸಬೇಕಿತ್ತು. ಶನಿವಾರ ಒಬ್ಬ ಮುದುಕಿ ಬಂದರು.

"ಮೇಡಮ್ಮಾರೇ, ನಮ್ಮೆಜಮಾನ್ರು ಫೋಟೊ ನೀವು ತಗಂಡೋದ್ರಂತೆ? ಕಟ್ಟೆ ತಾವ ಹೂ ಮಾರೋ ತಂಗೆವ್ವ ಹೇಳುದ್ಲು."

ಇಟ್ಟಮಡುವಿನ ಮಂಗಮ್ಮ. ಗಂಡ ಚಿಕ್ಕಬೈರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮಗನ ನಾಲ್ಕು ಅಂತಸ್ತಿನ ಕಟ್ಟಡ, ಒಂದರಲ್ಲಿ ಅವರೇ, ಉಳಿದದ್ದು ಬಾಡಿಗೆಗೆ. ವಿಲ್ಸನ್ ಗಾರ್ಡನ್‌ನ ಮಗಳ ಮನೆಯಲ್ಲಿದ್ದು, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಎರಡು ತಿಂಗಳ ಮೇಲೆ ಮರಳಿದರೆ ಹಾಲ್‌ಗೆ ಹೊಸ ಪೇಂಟು, ಗೋಡೆ ಖಾಲಿ. ಸತ್ತವರ ಫೋಟೊ ಆ ದಿಕ್ಕಿಗೆ ಇರಬಾರದೆಂದು ವಾಸ್ತುವಿನವನು ಹೇಳಿದನಂತೆ, ಸೊಸೆ ಶಾಲಿನಿ ಕಟ್ಟೆಗೆ ಬಿಟ್ಟು ಬಂದಳಂತೆ. ನಾಲ್ಕು ಅಂತಸ್ತು! ಆ ನೆಲ ಕೊಟ್ಟು ಹೋದವನಿಗೆ ಅದರಲ್ಲಿ ಒಂದು ಮೊಳೆಯಷ್ಟು ಜಾಗವಿಲ್ಲ.

"ಬೇರೆ ಫೋಟೊ ಇಲ್ವಾ ಮಂಗಮ್ಮನವರೇ?"

"ಅದೊಂದೇಯ. ಹೊಲದ ರಿಜಿಸ್ಟ್ರೇಷನ್‌ಗೆ ಅಂತ ಒಂದ್ಸತಿ ಸ್ಟುಡಿಯೋಗೆ ಹೋಗಿದ್ರು."

ಚೂಡಾಮಣಿ ಚಿತ್ರ ತೋರಿಸಿದರು.

"ಇದ್ರೊಳಗೆ ಎಲ್ಲವ್ರೆ?"

"ಎಡಗಡೆ, ಕೆಳಗೆ. ಆ ಕಂದು ಬಣ್ಣದ ಅಡಿ."

ಮಂಗಮ್ಮ ಬಗ್ಗಿ ನೋಡಿದರು. "ನಾವು ಒಂದ್ಸತಿ ಮಣ್ಣು ಮಾಡಿದ್ದು ಸಾಲ್ದು ಅಂತ ನೀವೂ ಮಾಡುದ್ರಾ?"

ಚೂಡಾಮಣಿ ಚಿತ್ರವನ್ನು ನೆಲಕ್ಕಿಳಿಸಿ, ಒದ್ದೆ ಬಟ್ಟೆ ಹಾಕಿ ನೆನೆಸಿ, ಬ್ಲೇಡ್ ಹಿಡಿದರು. ಸೋಮವಾರ ಕಳಿಸುವ ಮಾತು ಅಲ್ಲಿಗೆ ಮುಗಿಯಿತು. ಬಣ್ಣ ಬಂತು, ಕೆಮ್ಮಣ್ಣು ಬಂತು, ಸುಣ್ಣ ಬಂತು. ಮುಖವಿದ್ದ ಕಡೆ ಫೆವಿಕಾಲ್ ಜೊತೆ ಫೋಟೊದ ಸಿಪ್ಪೆಯೇ ಎದ್ದು, ಬರೀ ಬಿಳೀ ಕಾಗದ ಉಳಿಯಿತು. ಒಂದು ಗಂಟೆ ಕೆರೆದ ಮೇಲೆ ಸರಿಯಾಗಿ ಸಿಕ್ಕಿದ್ದು ಅಂಗೈಯಷ್ಟು ಚೂರು. ಕೋಟಿನ ಭುಜ, ಒಂದು ಗುಂಡಿ.

ಮಂಗಮ್ಮ ಅದನ್ನು ಬೆಳಕಿಗೆ ಹಿಡಿದರು. "ಕೋಟು ಅವರದಲ್ಲ ಕಣವ್ವ, ಸ್ಟುಡಿಯೋದವುಂದು. ದೊಡ್ಡದಾಯ್ತದೆ ಅಂತ ಬೆನ್ನಿಗೆ ಪಿನ್ನು ಚುಚ್ಚಿದ್ದ." ನಗಲು ಹೋದರು. ನಗು ಅರ್ಧಕ್ಕೇ ನಿಂತಿತು.

ಚೂರನ್ನು ನೆಲದ ಮೇಲಿಟ್ಟು ಹೇಳಿದರು: "ನೀವು ಚಿತ್ರ ಬರೆಯೋರಲ್ವಾ. ಕೈಯಲ್ಲಿ ಇಡ್ಕಂಡು ನೋಡಿದ್ದೀರಲ್ಲ, ಮುಖ ಒಂದು ಬರ್ದುಕೊಡಿ, ಸಾಕು. ಈಗೀಗ ನಂಗೂ ಸರಿಯಾಗಿ ನೆಪ್ಪಾಗಲ್ಲ."

ಚೂಡಾಮಣಿ ಪೆನ್ಸಿಲ್ ತಗೊಂಡು ಕೂತರು. ಆ ಫೋಟೊದ ಕಂದು ನೆನಪಿತ್ತು, ಡಿಕಾಕ್ಷನ್ ಚೆಲ್ಲಿ ಒಣಗಿದ ಹಾಗೆ ಅಂಚಿನಲ್ಲಿ ಕೆಂಪಗಾಗಿದ್ದ ಕಂದು. ಅದರ ಪಕ್ಕ ಸುಣ್ಣ ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಅಂದುಕೊಂಡದ್ದೂ ನೆನಪಿತ್ತು. ಮುಖವನ್ನು ಆಕೆ ನೋಡಿಯೇ ಇರಲಿಲ್ಲ.

"ಮೀಸೆ ಇತ್ತಾ?" ಎಂದು ಕೇಳಿದರು.

ಮಂಗಮ್ಮ ಆಕೆಯನ್ನೇ ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು, "ಇತ್ತು" ಎಂದಷ್ಟೇ ಹೇಳಿ, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಹುಡುಕಿಕೊಂಡು ಹೊರಟರು. ಕೋಟಿನ ಚೂರನ್ನು ಅಲ್ಲೇ ಬಿಟ್ಟಿದ್ದರು.