ಎದುರಿನವರು ಅಲುಗುವುದಿಲ್ಲವೆಂಬ ಲೆಕ್ಕ

ಕೊಳ್ಳೇಗಾಲದ ನಿಲ್ದಾಣದಲ್ಲಿ ಮಲೆ ಮಹದೇಶ್ವರ ಬೆಟ್ಟದ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳೊಳಗೆ ಟವೆಲ್ಲುಗಳು ತೂರಿ ಬೀಳುತ್ತವೆ. ಟವೆಲ್ಲು ಬಿದ್ದ ಸೀಟು ಟವೆಲ್ಲಿನವನದು; ಈ ಶಾಸನವನ್ನು ಯಾವ ಮಹಾರಾಜ ಬರೆಸಿದನೋ ಕಾಣೆ, ಅದಕ್ಕಿರುವ ಮರ್ಯಾದೆಯಂತೂ ನನ್ನಂಥ ಭೌತಶಾಸ್ತ್ರದ ಮೇಷ್ಟರಿಗಿಲ್ಲ. ಹನೂರಿನ ಕಾಲೇಜಿಗೆಂದು ಅದೇ ಬಸ್ಸು ಹತ್ತುವ ನಾನು ಈ ಅನಾಗರಿಕತೆಗೆ ದಿನವೂ ಮೂಗು ಮುರಿಯುತ್ತೇನೆ. ಟವೆಲ್ಲು ಒಯ್ಯುವುದನ್ನು ಮಾತ್ರ ಮರೆಯುವುದಿಲ್ಲ.

ಇನ್ನು ನನ್ನ ಪಾಂಡಿತ್ಯದ ವಿಷಯ ಕೇಳಿದರೆ ನೀವು ನಕ್ಕೀರಿ. ದೂರದೇಶದ ಭಾರೀ ಯಂತ್ರವೊಂದರ ಉಂಗುರದಲ್ಲಿ ಕಣಗಳ ಎರಡು ಪ್ರವಾಹಗಳು ಎದುರುಬದುರಾಗಿ ಸುತ್ತುತ್ತಿರುತ್ತವೆ. ಒಂದರೊಳಗೆ ಹೊಸ ಕಣಗಳ ಗುಂಪನ್ನು ತೂರಿಸಿದಾಗ ಅದು ದಾರಿಯ ಅಂಚಿನಲ್ಲಿ ಓಲಾಡುತ್ತ, ಎದುರಿನ ಪ್ರವಾಹವನ್ನು ಹಾಯುವಾಗಲೆಲ್ಲ ಒದೆ ತಿನ್ನುತ್ತದೆ. ಎಷ್ಟು ಕಣ ಉಳಿದೀತೆಂದು ಕಂಪ್ಯೂಟರಿನಲ್ಲಿ ಮೊದಲೇ ಆಡಿಸಿ ನೋಡುವುದು ನಮ್ಮ ಕೆಲಸ. ಆ ಒದೆಗೆ ಎದುರಿನ ಪ್ರವಾಹ ತನ್ನ ದಾರಿಯಿಂದ ಅಲುಗುವುದೇ ಇಲ್ಲವೆಂದು ಹಿಡಿದರೆ ಲೆಕ್ಕ ಬೇಗ ಮುಗಿಯುತ್ತದೆ. ನಾನು ಆಯುಷ್ಯಪೂರ್ತಿ ಹಾಗೆಯೇ ಹಿಡಿದವನು.

ನನ್ನ ಬಳಿ ಪಿಎಚ್.ಡಿ. ಮಾಡುವ ಕಾಮಗೆರೆಯ ರತ್ನ, ಎದುರಿನದೂ ಅಲುಗುತ್ತದೆ, ಎರಡನ್ನೂ ಒಟ್ಟಿಗೇ ಆಡಿಸದಿದ್ದರೆ ಉತ್ತರ ಸುಳ್ಳು ಎಂದು ಒಂದು ಅಧ್ಯಾಯವನ್ನೇ ಬರೆದಳು. ಕಂಪ್ಯೂಟರನ್ನು ಸುಮ್ಮನೆ ಬಿಸಿಮಾಡುವ ಚಟವೆಂದು ಹಂಗಿಸಿ, ಅದನ್ನು ಕಿತ್ತುಹಾಕಿದರಷ್ಟೇ ಪ್ರಬಂಧಕ್ಕೆ ಸಹಿ ಎಂದೆ. ವರ್ಷಗಟ್ಟಲೆ ಜೀವ ತೇದ ಕೆಲಸ. ಹುಡುಗಿ ಹಾಳೆಗಳನ್ನು ಜೋಡಿಸಿಕೊಂಡು ಎದ್ದುಹೋದಳು. ವಾರ ಬಿಟ್ಟು ತಂದ ಪ್ರತಿಗೆ ಗೆದ್ದವನ ಗತ್ತಿನಲ್ಲಿ ಸಹಿ ಹಾಕಿದೆ.

ಅವಳು ಪ್ರಬಂಧ ಒಪ್ಪಿಸುವ ಕೊನೆಯ ದಿನ ಬೆಳಿಗ್ಗೆ, ಟವೆಲ್ಲೆಸೆದು, ಇಳಿಯುವವರ ನಡುವೆಯೇ ಬಸ್ಸಿನ ಬಾಗಿಲಿಗೆ ನುಗ್ಗಿದೆ. ವೀಳ್ಯದೆಲೆಯ ಕುಕ್ಕೆ ಹಿಡಿದು ಇಳಿಯುತ್ತಿದ್ದ ಹೆಂಗಸೊಬ್ಬಳು ನನ್ನ ಕಾಲು ತುಳಿದಳೆಂದು ರೇಗಿದ್ದೇ ತಡ, ಅವಳು ತಿರುಗಿಬಿದ್ದಳು:

“ನಿಮ್ಗೊಬ್ರಿಗೇನಾ ಏಟು ಬಿದ್ದಿರದು? ನೀವ್ ನುಗ್ಗಿದ್ದುಕ್ಕೆ ನಾನೂ ಇಂದಕ್ ಓಗಿ ಬಿದ್ನಲ್ಲ ಸಾ! ಇಳಿಯೋರೇನ್ ಕಲ್ಕಂಬ್ವಾ?”

ನನ್ನ ಪಾಂಡಿತ್ಯಕ್ಕೆ ಬೆಂಕಿ ಹಾಕ! ಇಷ್ಟು ವರ್ಷ ನಾನು ಆಡಿಸಿದ್ದೆಲ್ಲ ಕಲ್ಲುಕಂಬಗಳನ್ನೇ. ರತ್ನ ಬರೆದದ್ದೇ ಸರಿ. ನನ್ನ ಮಾತು ಕೇಳಿ ಅವಳೀಗ ತಪ್ಪನ್ನೇ ಒಪ್ಪಿಸಲು ಹೊರಟಿದ್ದಾಳೆ. ಟವೆಲ್ಲಿನ ಸೀಟಿನಲ್ಲಿ ಕೂತವನೇ ಅವಳಿಗೆ ಫೋನು ಮಾಡಿ, ತಪ್ಪು ನನ್ನದು, ಹೇಗಾದರೂ ಮಾಡಿ ಆ ಅಧ್ಯಾಯವನ್ನು ಸೇರಿಸಿಬಿಡಮ್ಮ ಎಂದು ತೊದಲಿದೆ.

“ತೆಗ್ದಿದ್ರೆ ತಾನೇ ಸಾ ಸೇರ್ಸಾದು,” ಎಂದಳು ರತ್ನ, ತಣ್ಣಗೆ. “ತಂದ್ಕೊಟ್ಟಾಗ್ಲೂ ಅದು ಅದ್ರಲ್ಲೇ ಇತ್ತು. ನೀವು ಒಂದ್ ಪುಟನೂ ತಿರುವ್ದೆ ಸೈನ್ ಹಾಕುದ್ರಿ.”