ಚಿಕ್ಕತಾಯಮ್ಮನ ಚಿಟ್ಟೆಗಳ ಹೊಳಪು

ರೈತರಿಗೆ ರೇಷ್ಮೆಹುಳದ ಮೊಟ್ಟೆ ತಯಾರಿಸಿ ಕೊಡುವ ಕೊಳ್ಳೇಗಾಲದ ಬಿತ್ತನೆ ಕೋಠಿಯೊಂದರಲ್ಲಿ ಇಪ್ಪತ್ತಾರು ವರ್ಷ ಮೈಕ್ರೋಸ್ಕೋಪಿನ ಮುಂದೆ ಕೂತವನು ನಾನು. ಅರೆದ ಚಿಟ್ಟೆಯ ವಾಸನೆ ಈಗಲೂ ಒಮ್ಮೊಮ್ಮೆ ಬೆರಳಿಗೆ ಅಂಟಿದಂತಿರುತ್ತದೆ.

ನಿವೃತ್ತಿಗೆ ಮೂರು ವರ್ಷವಿದ್ದಾಗ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಬಂತು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ರಸಕ್ಕೆ ಬಣ್ಣ ಬೆರೆಸಿ, ನೇರಳೆ ಬೆಳಕು ಹಾಯಿಸಿದರೆ ಗಂಟುರೋಗದ ರೋಗಾಣುಗಳು ನೀಲಿಯಾಗಿ ಹೊಳೆಯುತ್ತವೆ. ಆ ಹೊಳಪನ್ನು ಕ್ಯಾಮೆರಾ ಅಂಕಿಯಲ್ಲಿ ತೋರಿಸುತ್ತದೆ. ತಾಯಿಯಿಂದ ಮರಿಗೆ ದಾಟುವ ರೋಗವದು. ಕಂಡರೆ ಆ ತಂಡದ ಮೊಟ್ಟೆಯನ್ನೆಲ್ಲ ಸುಡಬೇಕು.

ಒಂದು ದಿನ ಬಂಡಳ್ಳಿಯ ಚಿಕ್ಕತಾಯಮ್ಮ ಮೊಟ್ಟೆಗೆಂದೇ ಬೆಳೆದ ಬಿತ್ತನೆ ಗೂಡಿನಿಂದ ಹೊರಬಂದ ಚಿಟ್ಟೆಗಳಲ್ಲಿ ಅಂಕಿ ಮಿತಿ ಮೀರಿತು. ಸುದ್ದಿ ತಿಳಿದು ಆಕೆ ಬಸ್ಸು ಹತ್ತಿ ಬಂದರು.

"ನನ್ ಉಳ ಒಂದೂ ಮಂಕಾಗಿರ್ನಿಲ್ಲ ಸಾ. ಸುಡೋಕ್ಮುಂಚೆ ಇನ್ನೊಂದ್ಸಲ ನೋಡಿ."

ಸುಟ್ಟರೆ ಬಿತ್ತನೆ ಬೆಳೆಗಾರ್ತಿಯೆಂಬ ಅವರ ಹೆಸರೇ ಹೋಗುತ್ತಿತ್ತು. ರೋಗವಿಲ್ಲವೆಂದು ಖಚಿತವಿದ್ದ ಬೇರೆ ತಂಡದ ಚಿಟ್ಟೆಯೊಂದನ್ನು ಅವರ ಚಿಟ್ಟೆಗಳಷ್ಟೇ ಮಂದವಾಗಿ ಅರೆದು ನೋಡಿದೆ. ಅಂಕಿ ಹೆಚ್ಚುಕಡಿಮೆ ಅಷ್ಟೇ! ರಸದಲ್ಲಿದ್ದ ಕೊಬ್ಬು, ರೆಕ್ಕೆಯ ಹುಡಿ ಬೆಳಕನ್ನು ಮಂಜಿನಲ್ಲಿ ಬಸ್ಸಿನ ದೀಪದಂತೆ ಹರಡಿಸುತ್ತಿದ್ದವು. ರಸವನ್ನು ಹತ್ತಿಯಲ್ಲಿ ಸೋಸಿ, ನೀರು ಬೆರೆಸಿ, ಗಾಜಿನ ಮೇಲೆ ತೆಳುವಾಗಿ ಹರಡಿದೆ. ಪಕ್ಕದ ಖಾಲಿ ಜಾಗದ ಹೊಳಪನ್ನೂ ಅಳೆದು ಅಂಕಿಯಿಂದ ಕಳೆದೆ. ಚಿಕ್ಕತಾಯಮ್ಮನ ಚಿಟ್ಟೆಗಳಲ್ಲಿ ಏನೂ ಉಳಿಯಲಿಲ್ಲ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೆ ಸಮಾಧಾನವಾಗಬೇಕಿತ್ತು. ಆದರೆ ಇಲ್ಲದ ರೋಗವನ್ನು ತೋರಿಸಿದ ಮಂದ ರಸ, ಇದ್ದ ರೋಗವನ್ನು ಮರೆಸಿಯೂ ಇರಬಹುದಲ್ಲ? ಆ ವಾರ ಪಾಸು ಮಾಡಿದ್ದ ರಸಗಳನ್ನು ಫ್ರಿಜ್ಜಿನಿಂದ ತೆಗೆದು ಹಾಗೆಯೇ ಸೋಸಿದೆ. ಒಂದರಲ್ಲಿ ನೀಲಿ ಚುಕ್ಕೆಗಳು ಸ್ಪಷ್ಟವಾಗಿ ಕಂಡವು. ಮೊದಲ ಸಲ ರಸದ ಮಬ್ಬು ಅವುಗಳ ಬೆಳಕನ್ನು ನುಂಗಿ, ಅಂಕಿಯನ್ನು ಮಿತಿಯೊಳಗೇ ಇರಿಸಿತ್ತು. ಆ ಚಿಟ್ಟೆಗಳ ಮೊಟ್ಟೆ ಮಾಂಬಳ್ಳಿಯ ರೈತ ಬಸಪ್ಪನವರ ಮನೆ ಸೇರಿತ್ತು. ಎರಡು ದಿನದಲ್ಲಿ ಒಡೆದು ಮರಿಯಾಗಬೇಕಿತ್ತು.

ಅಧಿಕಾರಿಗೆ ವಿಷಯ ತಿಳಿಸಿ ಕೂಡಲೇ ಹೊರಟೆ. ಬಸಪ್ಪನವರು ಹುಳು ಸಾಕುವ ತಟ್ಟೆ ತೊಳೆದು ಒಣಹಾಕುತ್ತಿದ್ದರು.

"ನಿಮ್ಮ ಮೊಟ್ಟೇಲಿ ರೋಗ ಇದೆ, ಸುಡ್ಬೇಕು. ಪಾಸು ಮಾಡಿದ್ದು ನಾನೇ, ತಪ್ಪು ನಂದೇ," ಎಂದೆ. ಅವರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ಒಳಗಿನಿಂದ ಮೊಟ್ಟೆಯ ಹಾಳೆ ತಂದು ನನ್ನ ಕೈಗಿಟ್ಟರು. ಆಮೇಲೆ, "ಮರಿ ಆಗೋಕ್ಮುಂಚೆ ಬಂದ್ರಲ್ಲ, ಬುಡಿ. ಕಾಫಿ ಕುಡ್ಕಂಡು ಓಗಿ ಸಾ," ಎಂದರು.

ಕೆಟ್ಟ ಫಲಿತಾಂಶ ಬಂದಾಗ ಯಾರಾದರೂ ಇನ್ನೊಮ್ಮೆ ನೋಡಿ ಎಂದು ಬಂದೇ ಬರುತ್ತಾರೆ. ಒಳ್ಳೆಯದು ಬಂದಾಗ ಯಾರೂ ಬರುವುದಿಲ್ಲ. ಅದನ್ನು ಇನ್ನೊಮ್ಮೆ ನೋಡಬೇಕಾದವನು ಅಳೆದವನೇ.